ಮಗುವನ್ನು ಕೌನ್ಸೆಲರ್ ಬಳಿ ಕಳಿಸುವ ಮುನ್ನ

(ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಶಿಕ್ಷಕರು, ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

"ಆ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ ಕಳಿಸಿ ಮೇಡಂ." ಶಾಲೆಯ ಆಪ್ತ ಸಮಾಲೋಚಕರ ಕಿವಿಗೆ ಅತಿ ಹೆಚ್ಚು ಬೀಳುವ ಮಾತು ಇದು. ಹೇಳುವವರ ಕಾಳಜಿಯಲ್ಲಿ ಕೊರತೆಯಿಲ್ಲ. ಆದರೆ ಆ ಹುಡುಗ ಕೌನ್ಸೆಲರ್ ಎದುರು ಬಂದು ಕೂರುವ ಹೊತ್ತಿಗೆ ಅಪ್ಪ, ಅಮ್ಮ, ಕ್ಲಾಸ್ ಟೀಚರ್, ಪಿಟಿ ಮಾಸ್ತರು, ಎಚ್‌ಎಂ ಎಲ್ಲರೂ ಬುದ್ಧಿ ಹೇಳಿ ಮುಗಿಸಿರುತ್ತಾರೆ. ಅಷ್ಟು ಜನ ಹೇಳಿಯೂ ನಾಟದ ಮಾತನ್ನು ಆರನೆಯವರು ಮತ್ತೆ ಹೇಳಿ ಪ್ರಯೋಜನವಿಲ್ಲ. ಅವನು ಯಾಕೆ ಹಾಗಿದ್ದಾನೆ ಎಂದು ಯಾರೂ ಕೂತು ಕೇಳಿರುವುದಿಲ್ಲ. ಕೌನ್ಸೆಲರ್ ಕೆಲಸ ಶುರುವಾಗುವುದು ಅಲ್ಲಿಂದ.

ಇವತ್ತು ಒಂದೇ ವಿಷಯವನ್ನು ನಿಮ್ಮ ಮುಂದೆ ಒತ್ತಿ ಹೇಳಬೇಕೆಂದು ಬಂದಿದ್ದೇನೆ. ಕೌನ್ಸೆಲರ್ ಎಷ್ಟೇ ಓದಿದವರಾಗಿರಲಿ, ಎಷ್ಟೇ ಒಳ್ಳೆಯವರಾಗಿರಲಿ, ಮಗು ಆ ಕೋಣೆಗೆ ಯಾವ ರೀತಿ ಬಂತು, ಅಲ್ಲಿಂದ ಹೊರಬಿದ್ದ ಮೇಲೆ ಶಾಲೆ ಮತ್ತು ಮನೆ ಏನು ಮಾಡಿದವು ಎಂಬುದರ ಮೇಲೆ ಅವರ ಕೆಲಸ ನಿಲ್ಲುತ್ತದೆ ಅಥವಾ ಬೀಳುತ್ತದೆ. ಹಾಗಾಗಿ ಕೌನ್ಸೆಲರ್ ಬಗ್ಗೆ ಮಾತನಾಡುವಷ್ಟೇ ಶಿಕ್ಷಕರ ಬಗ್ಗೆ, ಮುಖ್ಯೋಪಾಧ್ಯಾಯರ ಬಗ್ಗೆಯೂ ಮಾತನಾಡುತ್ತೇನೆ.

ಈಗ ಇದನ್ನು ಮುಂದೂಡುವಂತಿಲ್ಲ. ವಿಶಾಖಪಟ್ಟಣದಲ್ಲಿ ನೀಟ್ ತಯಾರಿಯಲ್ಲಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಕನಿಷ್ಠ ಒಬ್ಬ ಕೌನ್ಸೆಲರ್, ಮನೋವಿಜ್ಞಾನಿ ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಲಿಖಿತ ಏರ್ಪಾಡು ಮಾಡಿಕೊಂಡಿರಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದು, ಎಲ್ಲರ ಮುಂದೆ ಅವಮಾನ ಮಾಡುವುದು ನಿಲ್ಲಬೇಕು ಎಂದೂ ಅದರಲ್ಲಿದೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂಬುದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ಆ ಮಾರ್ಗಸೂಚಿಯ ಹಿಂದೆ ಇರುವುದು ಈ ಲೆಕ್ಕ.

ಒಬ್ಬರು ಎಷ್ಟು ಮಕ್ಕಳನ್ನು ನೋಡಿಕೊಳ್ಳಬಹುದು? ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಕ್ಕಳಿಗೆ ಯಾವುದಾದರೂ ಮಾನಸಿಕ ತೊಂದರೆ ಇದೆ. ಸಾವಿರ ಮಕ್ಕಳ ಪ್ರೌಢಶಾಲೆ ಎಂದಿಟ್ಟುಕೊಳ್ಳಿ. ಸುಮಾರು 70 ಮಕ್ಕಳಾದರು. ಪ್ರತಿಯೊಬ್ಬರನ್ನೂ 15 ದಿನಕ್ಕೊಮ್ಮೆ 40 ನಿಮಿಷ ನೋಡಿದರೂ ವಾರಕ್ಕೆ 35 ಭೇಟಿ, ದಿನಕ್ಕೆ ಆರು, ಅಂದರೆ ನಾಲ್ಕು ಗಂಟೆ. ಪೋಷಕರ ಜೊತೆ ಮಾತು, ಶಿಕ್ಷಕರ ಜೊತೆ ಮಾತು, ಬರವಣಿಗೆ, ತರಗತಿ ಚಟುವಟಿಕೆ ಎಲ್ಲ ಇದರ ಮೇಲೆ. ಕಾಯಿಲೆ ಎನ್ನುವಂಥದ್ದೇನೂ ಇಲ್ಲದೆ ಗೆಳತಿಯ ಜೊತೆ ಜಗಳ, ಅಜ್ಜಿಯ ಸಾವು, ಹಾಸ್ಟೆಲ್ ಹೊಂದಿಕೆ ಅಂತ ಬರುವ ಮಕ್ಕಳು ಈ ಲೆಕ್ಕದಲ್ಲೇ ಇಲ್ಲ. ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಎನ್ನುವುದು ಈ ಕಾರಣಕ್ಕೇ. ನಮ್ಮಲ್ಲಿ ಸಾವಿರಕ್ಕೆ ಒಬ್ಬರನ್ನು ನೇಮಿಸಿ, ಅವರಿಗೆ ವಾರಕ್ಕೆ 12 ಪೀರಿಯಡ್ ಇಂಗ್ಲಿಷ್ ಪಾಠ, ಅಡ್ಮಿಷನ್ ಕೆಲಸ, ಪರೀಕ್ಷಾ ಕೊಠಡಿಯ ಡ್ಯೂಟಿ ಕೊಟ್ಟರೆ ಬೋರ್ಡ್ ಇರುತ್ತದೆ, ಕೌನ್ಸೆಲಿಂಗ್ ಇರುವುದಿಲ್ಲ.

ಇನ್ನೊಂದು ಕಡ್ಡಾಯ. ಕೌನ್ಸೆಲರ್ ಶಿಸ್ತು ಸಮಿತಿಯಲ್ಲಿ ಇರಕೂಡದು. ಅಂಕ ಹಾಕಕೂಡದು, ದಂಡ ವಸೂಲಿ ಮಾಡಕೂಡದು, ಬ್ಯಾಗ್ ತಪಾಸಣೆಗೆ ಹೋಗಕೂಡದು. ಟಿಸಿ ಕೊಡುವ ಸಭೆಯಲ್ಲಿ ಕೂತವರ ಮುಂದೆ ಯಾವ ಮಗುವೂ ತಾನು ಸಿಗರೇಟು ಸೇದುತ್ತೇನೆ ಎಂದು ಬಾಯಿ ಬಿಡುವುದಿಲ್ಲ.

ಚೀಟಿಯಲ್ಲಿ ಏನು ಬರೆಯಬೇಕು

ಶಿಕ್ಷಕರು ಮಗುವನ್ನು ಕಳಿಸುವಾಗ ಸಣ್ಣದೊಂದು ಚೀಟಿ ಬರೆದು ಮುಚ್ಚಿ ಕೊಡುವ ಪದ್ಧತಿ ಒಳ್ಳೆಯದು. ಆದರೆ ಚೀಟಿಯಲ್ಲಿ ಬರುವುದು ಸಾಮಾನ್ಯವಾಗಿ "ಸೋಮಾರಿ", "ಓದಿನಲ್ಲಿ ಆಸಕ್ತಿ ಇಲ್ಲ", "ನಡತೆ ಸರಿಯಿಲ್ಲ". ಇವು ತೀರ್ಪುಗಳು. ಇದರಿಂದ ಕೌನ್ಸೆಲರ್‌ಗೆ ಏನೂ ತಿಳಿಯುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆಯಿರಿ: "ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ದಿನವೂ ತಪ್ಪಿಸಿರಲಿಲ್ಲ. ಸೆಪ್ಟೆಂಬರ್‌ನಿಂದ ವಾರಕ್ಕೆ ಎರಡು ದಿನ ಗೈರು, ಹೆಚ್ಚಾಗಿ ಸೋಮವಾರ. ಊಟದ ಡಬ್ಬಿ ತೆರೆಯುವುದಿಲ್ಲ. ಮೊದಲು ಮೂವರು ಗೆಳತಿಯರ ಜೊತೆ ಕೂರುತ್ತಿದ್ದಳು, ಈಗ ಕೊನೆಯ ಬೆಂಚಿನಲ್ಲಿ ಒಬ್ಬಳೇ." ಈ ಮೂರು ನಾಲ್ಕು ಸಾಲು ಸಿಕ್ಕರೆ ಅರ್ಧ ಕೆಲಸ ಆದಂತೆ. ಏನು ಬದಲಾಯಿತು, ಯಾವಾಗಿನಿಂದ, ಎಷ್ಟು ಸಲ ಎನ್ನುವುದು ಮುಖ್ಯ. ಮೊದಲಿನಿಂದ ಮಾತು ಕಡಿಮೆ ಇರುವ ಮಗುವಿಗಿಂತ, ಮಾತಾಡುತ್ತಿದ್ದು ನಿಲ್ಲಿಸಿದ ಮಗುವಿನ ಬಗ್ಗೆ ನನಗೆ ಹೆಚ್ಚು ಆತಂಕ.

ಮಗುವನ್ನು ಮೈಕಿನಲ್ಲಿ ಕರೆಯಬೇಡಿ. ತರಗತಿಯ ಮಧ್ಯೆ ಆಯಾ ಬಂದು "ಕೌನ್ಸೆಲರ್ ಕರೀತಿದಾರೆ" ಅಂದರೆ ಸಂಜೆಯೊಳಗೆ ಇಡೀ ತರಗತಿಗೆ ಅವನು "ಮೆಂಟಲ್" ಆಗಿರುತ್ತಾನೆ. ಇದಕ್ಕೆ ಸರಳ ದಾರಿ ಎಂದರೆ ಜೂನ್, ಜುಲೈನಲ್ಲಿ ಪ್ರತಿ ಸೆಕ್ಷನ್‌ನ ಎಲ್ಲ ಮಕ್ಕಳನ್ನೂ ಐದೈದು ಜನರ ಗುಂಪಿನಲ್ಲಿ ಹತ್ತು ನಿಮಿಷ ಕರೆದು ಪರಿಚಯ ಮಾಡಿಕೊಳ್ಳುವುದು. ಆಗ ಆ ಕೋಣೆಗೆ ಹೋಗದ ಮಗುವೇ ಶಾಲೆಯಲ್ಲಿ ಇರುವುದಿಲ್ಲ. ಜೊತೆಗೆ, ಪ್ರತಿ ಸಲವೂ ಆಟದ ಪೀರಿಯಡ್‌ನಲ್ಲೇ ಕರೆಯುವುದನ್ನು ಬಿಡಬೇಕು. ವಾರದಲ್ಲಿ ಮಗುವಿಗೆ ಖುಷಿ ಕೊಡುವ ಒಂದೇ ಗಂಟೆಯನ್ನು ಕಿತ್ತುಕೊಂಡು ಅದಕ್ಕೆ ನೆರವು ಎಂದು ಹೆಸರಿಡಲಾಗದು. ಹಾಗೆಂದು ಪ್ರತಿ ವಾರ ಗಣಿತದ ಪೀರಿಯಡ್ ತಪ್ಪಿದರೂ ತೊಂದರೆಯೇ. ಸಮಯ ಬದಲಾಗುತ್ತಿರಲಿ.

ಕೋಣೆ ಎಚ್‌ಎಂ ಕಚೇರಿಯ ಪಕ್ಕದಲ್ಲಿ ಇರದಿದ್ದರೆ ಒಳ್ಳೆಯದು. ಒಳಗಿನ ಮಾತು ಹೊರಗೆ ಕೇಳಬಾರದು, ಆದರೆ ಒಳಗೆ ಜನ ಇರುವುದು ಹೊರಗಿನಿಂದ ಕಾಣಬೇಕು. ಬಾಗಿಲ ಮೇಲ್ಭಾಗದಲ್ಲಿ ಸಣ್ಣ ಗಾಜು ಸಾಕು. ಇದು ಮಗುವಿನ ಸುರಕ್ಷತೆಗೂ ಹೌದು, ಕೌನ್ಸೆಲರ್ ಸುರಕ್ಷತೆಗೂ ಹೌದು. ಕುರ್ಚಿಗಳು ಒಂದೇ ಎತ್ತರದವು, ನಡುವೆ ಮೇಜು ಬೇಡ, ಕುಡಿಯುವ ನೀರು ಇರಲಿ. ಇದಕ್ಕಿಂತ ಹೆಚ್ಚಿನ ಅಲಂಕಾರ ಬೇಕಿಲ್ಲ.

ಮೊದಲ ಐದು ನಿಮಿಷ

ಮೊದಲ ಭೇಟಿಯಲ್ಲಿ ಕಷ್ಟದ ಮಾತು ಶುರುವಾಗುವ ಮುನ್ನವೇ ಹೇಳಬೇಕಾದ ಒಂದು ವಿಷಯವಿದೆ. ಮಗುವಿಗೆ ಅರ್ಥವಾಗುವ ಕನ್ನಡದಲ್ಲಿ ಅದು ಹೀಗಿರಬಹುದು: "ನೀನು ಇಲ್ಲಿ ಹೇಳಿದ್ದನ್ನ ನಾನು ಟೀಚರ್‌ಗೂ ಹೇಳಲ್ಲ, ಮನೆಯವರಿಗೂ ಹೇಳಲ್ಲ. ಆದರೆ ಮೂರು ವಿಷಯ ಇದ್ದರೆ ಹೇಳಲೇಬೇಕಾಗುತ್ತೆ. ನಿನ್ನ ಜೀವಕ್ಕೆ ಅಪಾಯ ಇದ್ದರೆ, ಬೇರೆ ಯಾರ ಜೀವಕ್ಕಾದರೂ ಅಪಾಯ ಇದ್ದರೆ, ಯಾರಾದರೂ ನಿನ್ನ ಮೈ ಮುಟ್ಟಿ ತೊಂದರೆ ಕೊಡ್ತಿದ್ದರೆ ಅಥವಾ ಹೊಡೆದು ಹಿಂಸೆ ಮಾಡ್ತಿದ್ದರೆ. ಆಗಲೂ ಯಾರಿಗೆ ಹೇಳ್ತೀನಿ, ಏನು ಹೇಳ್ತೀನಿ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ."

"ಯಾರಿಗೂ ಹೇಳಲ್ಲ, ಆಣೆ" ಎಂದು ಮಾತು ಕೊಡುವ ಕೌನ್ಸೆಲರ್ ಮುಂದೊಂದು ದಿನ ಮಾತು ಮುರಿಯಬೇಕಾಗುತ್ತದೆ. ಆ ಮಗು ಆಮೇಲೆ ಯಾವ ದೊಡ್ಡವರನ್ನೂ ನಂಬುವುದಿಲ್ಲ. ಆ ಸುದ್ದಿ ಹರಡಿ ಉಳಿದ ಮಕ್ಕಳೂ ಬರುವುದನ್ನು ನಿಲ್ಲಿಸುತ್ತಾರೆ.

"ಯಾಕೆ ಹೀಗೆ ಮಾಡಿದೆ?" ಎಂದು ಕೇಳಿದರೆ ಮಗು ಸಮಜಾಯಿಷಿ ಕೊಡುತ್ತದೆ ಅಥವಾ ತಲೆ ತಗ್ಗಿಸುತ್ತದೆ. "ಆವತ್ತು ಏನಾಯ್ತು?", "ಅದಕ್ಕಿಂತ ಮುಂಚೆ?", "ಯಾವಾಗಿನಿಂದ ಹೀಗಿದೆ?" ಎಂದರೆ ವಿಷಯ ಬರುತ್ತದೆ. "ನಂಗೆ ಬೇಜಾರಾಗಿದೆ" ಎಂದು ಬಾಯಿ ಬಿಟ್ಟು ಹೇಳುವ ಮಕ್ಕಳು ನಮ್ಮಲ್ಲಿ ಕಡಿಮೆ. ಅವರ ದುಃಖ ತಲೆನೋವಾಗಿ, ಹೊಟ್ಟೆನೋವಾಗಿ, ಸುಸ್ತಾಗಿ ಬರುತ್ತದೆ. ಆದ್ದರಿಂದ ನಿದ್ದೆ, ಊಟ, ಮುಟ್ಟು, ಫೋನ್ ಹಿಡಿದು ಎಚ್ಚರವಿರುವ ಹೊತ್ತು ಇವನ್ನು ಕೇಳಲೇಬೇಕು. ಹಾಗೆಯೇ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಲೂಬಾರದು. ಹೆಣ್ಣುಮಕ್ಕಳ ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್ ಕಾರಣ ಇರಬಹುದು. ಬೋರ್ಡ್ ನೋಡಿ ಬರೆಯದ ಹುಡುಗನಿಗೆ ಕನ್ನಡಕ ಬೇಕಿರಬಹುದು. ರಕ್ತಪರೀಕ್ಷೆ, ಕಣ್ಣಿನ ಪರೀಕ್ಷೆ ಮೊದಲು ಆಗಲಿ.

ಭೇಟಿಯ ನಂತರ ಶಿಕ್ಷಕರು "ಏನಂತೆ ಅವಳ ಸಮಸ್ಯೆ?" ಎಂದು ಕೇಳುವುದು ಸಹಜ. ಕೌನ್ಸೆಲರ್ ಸಮಸ್ಯೆಯನ್ನು ಹೇಳಬೇಕಿಲ್ಲ, ಶಿಕ್ಷಕರು ಮಾಡಬೇಕಾದ್ದನ್ನು ಹೇಳಿದರೆ ಸಾಕು. "ಎರಡು ವಾರ ಅವಳನ್ನು ಎದ್ದು ನಿಲ್ಲಿಸಿ ಓದಿಸಬೇಡಿ. ಕೊನೆಯ ಬೆಂಚಿನಿಂದ ಎರಡನೇ ಸಾಲಿಗೆ ತನ್ನಿ. ಹೋಂವರ್ಕ್ ಅರ್ಧ ಮಾಡಿ ತಂದರೂ ಸಹಿ ಹಾಕಿ." ಇಷ್ಟು ಖಚಿತವಾಗಿ ಹೇಳಿದರೆ ಶಿಕ್ಷಕರು ಮಾಡುತ್ತಾರೆ. "ಸ್ವಲ್ಪ ಪ್ರೀತಿಯಿಂದ ನೋಡಿಕೊಳ್ಳಿ" ಎಂದರೆ 60 ಮಕ್ಕಳ ತರಗತಿಯಲ್ಲಿ ಅದರಿಂದ ಏನೂ ಆಗುವುದಿಲ್ಲ.

ಕೌನ್ಸೆಲರ್ ತನ್ನ ಮಿತಿ ಅರಿತಿರಬೇಕು. ಕಾಯಿಲೆಗೆ ಹೆಸರಿಡುವುದು, ಔಷಧ ಸೂಚಿಸುವುದು ಅವರ ಕೆಲಸವಲ್ಲ. ಎರಡು ವಾರ ದಾಟಿಯೂ ನಿದ್ದೆ, ಊಟ, ಓದು ಸುಧಾರಿಸದಿದ್ದರೆ, ಇಲ್ಲದ ದನಿ ಕೇಳುತ್ತಿದೆ ಎಂದರೆ, ತೂಕ ಇಳಿಯುತ್ತಿದ್ದರೆ, ಕೈ ಕೊಯ್ದುಕೊಳ್ಳುತ್ತಿದ್ದರೆ, ಪ್ರಜ್ಞೆ ತಪ್ಪಿ ಬೀಳುತ್ತಿದ್ದರೆ ಮನೋವೈದ್ಯರ ಬಳಿ ಕಳಿಸಬೇಕು. ತರಗತಿಯಲ್ಲಿ ಒಬ್ಬಳು ಹುಡುಗಿ ಬಿದ್ದು, ಹಿಂದೆಯೇ ಇನ್ನೂ ಮೂವರು ಬೀಳುವುದನ್ನು ಹಲವು ಶಾಲೆಗಳು ಕಂಡಿವೆ. ಆಗ ಗುಂಪು ಚದುರಿಸಿ, ಒಬ್ಬೊಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಮಲಗಿಸಿ, ವೈದ್ಯರಿಂದ ಮೂರ್ಛೆರೋಗ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ವಿಡಿಯೊ ಮಾಡಲು ಯಾರನ್ನೂ ಬಿಡಬಾರದು. ಮನೆಯವರು ಗುಡಿಗೆ, ದರ್ಗಾಕ್ಕೆ ಕರೆದೊಯ್ಯುತ್ತೇವೆ ಎಂದರೆ ವಾದಕ್ಕೆ ಇಳಿಯಬೇಡಿ. "ಅದನ್ನೂ ಮಾಡಿ, ಗುರುವಾರ ಡಾಕ್ಟರ ಹತ್ತಿರವೂ ಹೋಗೋಣ" ಎಂದರೆ ಬರುತ್ತಾರೆ. ವಾದಿಸಿದರೆ ಮಗುವನ್ನೇ ಶಾಲೆ ಬಿಡಿಸುತ್ತಾರೆ.

ಸಾಯಬೇಕು ಅನ್ನಿಸಿದೆ ಎಂದಾಗ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಆಗುವ ತಪ್ಪು ಜೀವಕ್ಕೆ ಎರವಾಗುತ್ತದೆ.

ಅನುಮಾನ ಬಂದರೆ ನೇರವಾಗಿ ಕೇಳಿ: "ಸತ್ತು ಹೋಗಬೇಕು ಅಂತ ಅನ್ನಿಸಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಬಹಳ ಜನರಿಗಿದೆ. ಹಾಗಾಗುವುದಿಲ್ಲ ಎಂಬುದು ಹಲವು ಅಧ್ಯಯನಗಳಲ್ಲಿ ಖಚಿತವಾಗಿದೆ. ಕೇಳಿಸಿಕೊಂಡ ಮಗುವಿಗೆ ಹೆಚ್ಚಾಗಿ ಆಗುವುದು ನಿರಾಳ. ಹೌದು ಎಂದರೆ ಮುಂದಿನ ಪ್ರಶ್ನೆಗಳು ಇವೆ: ಯಾವಾಗಲಾದರೊಮ್ಮೆ ಬಂದುಹೋಗುವ ಯೋಚನೆಯೋ, ದಿನವೂ ಬರುತ್ತಿದೆಯೋ? ಹೇಗೆ ಎಂದು ಯೋಚಿಸಿದ್ದಾಳೆಯೇ? ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯೇ? ದಿನ ಗೊತ್ತುಮಾಡಿಕೊಂಡಿದ್ದಾಳೆಯೇ? ಹಿಂದೆ ಯಾವಾಗಲಾದರೂ ಪ್ರಯತ್ನಿಸಿದ್ದಾಳೆಯೇ? ಕೊನೆಯ ನಾಲ್ಕರಲ್ಲಿ ಯಾವುದೊಂದಕ್ಕೆ ಹೌದು ಬಂದರೂ ಅವತ್ತು ಉಳಿದ ಕೆಲಸವೆಲ್ಲ ಪಕ್ಕಕ್ಕೆ.

ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು, ಶೌಚಾಲಯಕ್ಕೂ ಜೊತೆಯಲ್ಲಿ ಒಬ್ಬರು ಹೋಗಬೇಕು. ಅಪ್ಪ ಅಮ್ಮ ಶಾಲೆಗೇ ಬರಬೇಕು. ಶಾಲಾ ವ್ಯಾನಿನಲ್ಲಿ ಕೂರಿಸಿ ಮನೆಗೆ ಕಳಿಸುವುದು ದೊಡ್ಡ ತಪ್ಪು. ಬಂದವರಿಗೆ ವಿಷಯವನ್ನು ಮಗುವಿನ ಎದುರೇ, ಗದರಿಕೆಗೆ ಅವಕಾಶ ಕೊಡದೆ ಹೇಳಬೇಕು. ನಂತರ ಪೋಷಕರನ್ನು ಪ್ರತ್ಯೇಕವಾಗಿ ಕೂರಿಸಿ ಮನೆಯಲ್ಲಿ ಏನೇನಿದೆ ಎಂದು ಕೇಳಬೇಕು. ನಮ್ಮ ಹಳ್ಳಿಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧ, ಕಳೆನಾಶಕದ ಬಾಟಲಿ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಇದ್ದೇ ಇರುತ್ತದೆ. ಅಜ್ಜನ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಕಿಟಕಿಯಲ್ಲಿರುತ್ತವೆ. ಬೀಗ ಹಾಕಿದರೆ ಸಾಲದು, ಬೀಗದ ಕೈ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೆ ಗೊತ್ತಿರುತ್ತದೆ. ಅವತ್ತೇ ಬಾಟಲಿ ಮನೆಯಿಂದ ಹೊರಗೆ, ಬೇರೆಯವರ ಸುಪರ್ದಿಗೆ ಹೋಗಬೇಕು. ಆತ್ಮಹತ್ಯೆಯ ತುಡಿತ ತೀವ್ರವಾಗಿರುವ ಅವಧಿ ಬಹಳ ಸಲ ಚಿಕ್ಕದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಪೋಷಕರಿಗೆ ಇದೊಂದು ಅರ್ಥವಾಗುವವರೆಗೆ ಅವರನ್ನು ಕಳಿಸಬೇಡಿ.

ಮಗು ಏನನ್ನಾದರೂ ಕುಡಿದಿರುವ, ನುಂಗಿರುವ ಅನುಮಾನ ಬಂದರೆ ಚೆನ್ನಾಗಿಯೇ ಇದ್ದಾಳಲ್ಲ ಎಂದು ಕಾಯಬೇಡಿ. ಕೆಲವು ವಿಷಗಳು ಮೊದಲ ದಿನ ಏನೂ ತೋರಿಸುವುದಿಲ್ಲ, ಒಳಗಿನ ಅಂಗಗಳು ಕೆಟ್ಟ ಮೇಲೆ ಗೊತ್ತಾಗುತ್ತದೆ. ವಾಂತಿ ಮಾಡಿಸಲು ಹೋಗಬೇಡಿ. ಸೇವಿಸಿದ್ದರ ಬಾಟಲಿ, ಪೊಟ್ಟಣ ಸಮೇತ ನೇರ ಆಸ್ಪತ್ರೆಗೆ ಹೋಗಿ. ಕೇಸ್ ಆಗುತ್ತದೆಂದು ಹೆದರಿ "ಹೊಟ್ಟೆ ಕೆಟ್ಟಿದೆ" ಎಂದು ವೈದ್ಯರಿಗೆ ಸುಳ್ಳು ಹೇಳುವ ಕುಟುಂಬಗಳಿವೆ, ಅದರಿಂದ ಚಿಕಿತ್ಸೆಯೇ ತಪ್ಪುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಇದನ್ನು ಮುಖ್ಯೋಪಾಧ್ಯಾಯರು ಪೋಷಕರಿಗೆ ಬಿಡಿಸಿ ಹೇಳಬೇಕು.

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಮೂರು ತಿಂಗಳು ಹೆಚ್ಚು ಅಪಾಯದ ಕಾಲ. ಶಾಲೆಗೆ ಹಿಂದಿರುಗುವ ಮೊದಲೇ ಕೌನ್ಸೆಲರ್, ಪೋಷಕರು, ಒಬ್ಬ ಶಿಕ್ಷಕಿ ಕೂತು ಯೋಜನೆ ಮಾಡಿಕೊಳ್ಳಬೇಕು. ಬೆಳಗ್ಗೆ ಗೇಟಿನಲ್ಲಿ ಅವಳನ್ನು ನೋಡುವವರು ಯಾರು, ತಪ್ಪಿದ ಟೆಸ್ಟ್‌ಗಳ ಗತಿ ಏನು, ಸಹಪಾಠಿಗಳು ಕೇಳಿದರೆ ಅವಳು ಏನು ಹೇಳಲು ಬಯಸುತ್ತಾಳೆ, ತರಗತಿಯಲ್ಲಿ ಉಸಿರು ಕಟ್ಟಿದಂತಾದರೆ ಅನುಮತಿ ಕೇಳದೆ ಎದ್ದು ಎಲ್ಲಿಗೆ ಹೋಗಬಹುದು. ಮೊದಲ ವಾರ ದಿನವೂ ಎರಡು ನಿಮಿಷ, ಆಮೇಲೆ ಮೂರು ತಿಂಗಳು ವಾರಕ್ಕೊಮ್ಮೆ ಕೌನ್ಸೆಲರ್ ಭೇಟಿ ನಡೆಯಬೇಕು. "ಈಗ ಚೆನ್ನಾಗಿದ್ದಾಳೆ" ಎಂದು ನಾಲ್ಕನೇ ವಾರಕ್ಕೆ ನಿಲ್ಲಿಸುವುದೇ ಎಲ್ಲ ಕಡೆ ಆಗುವ ಲೋಪ.

ಪೋಕ್ಸೊ: ಶಾಲೆ ತನಿಖೆ ಮಾಡಬಾರದು

ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರ ಕೌನ್ಸೆಲರ್‌ಗೂ ಇಲ್ಲ, ಎಚ್‌ಎಂಗೂ ಇಲ್ಲ, ಆಡಳಿತ ಮಂಡಳಿಗೂ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆದರೂ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನ ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ.

ಕೌನ್ಸೆಲರ್ ಮಾಡಬೇಕಾದ್ದು ಇಷ್ಟು. ಮಗು ಹೇಳುವಷ್ಟನ್ನು ಕೇಳಿ, ಮಗುವಿನ ಮಾತಿನಲ್ಲೇ ಬರೆದುಕೊಳ್ಳುವುದು. ಮಗು "ಅಂಕಲ್ ಅಲ್ಲಿ ಮುಟ್ಟಿದ್ರು" ಅಂದರೆ ಹಾಗೆಯೇ ಬರೆಯಬೇಕು, ಅದನ್ನು ಕಾನೂನಿನ ಪದಕ್ಕೆ ಬದಲಿಸಬಾರದು. ದಿನಾಂಕ, ಸಮಯ, ಯಾರಿದ್ದರು ಎಂಬುದನ್ನೂ ಬರೆಯಿರಿ. ಮಗುವಿಗೆ "ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಎನ್ನಿ. ಮುಂದಿನ ಹೆಜ್ಜೆ ತಿಳಿಸಿ. ಕ್ಲಾಸ್ ಟೀಚರ್ ಎದುರು ಒಮ್ಮೆ, ಎಚ್‌ಎಂ ಎದುರು ಒಮ್ಮೆ, ಕಾರ್ಯದರ್ಶಿ ಎದುರು ಇನ್ನೊಮ್ಮೆ ಅದೇ ಕಥೆ ಹೇಳಿಸುವುದು ಕ್ರೌರ್ಯ. ಪ್ರತಿ ಸಲ ಹೇಳುವಾಗಲೂ ಮಾತು ಸ್ವಲ್ಪ ಬದಲಾಗುತ್ತದೆ, ನ್ಯಾಯಾಲಯದಲ್ಲಿ ಆ ವ್ಯತ್ಯಾಸವೇ ಮಗುವಿಗೆ ಮುಳುವಾಗುತ್ತದೆ. ಆರೋಪಿಯನ್ನು ಕರೆದು ಎದುರುಬದುರು ಮಾಡಿಸುವುದು, ರಾಜಿ ಪಂಚಾಯಿತಿ, ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡು ಬಿಡುವುದು ಯಾವುದೂ ಕೂಡದು. ಪೋಷಕರಿಗೆ ಪೊಲೀಸ್ ಠಾಣೆಯ ಭಯ ಇರುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ದಾಖಲಿಸಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರಬೇಕು, ಸಮವಸ್ತ್ರದಲ್ಲಿ ಬರಬಾರದು ಎಂದು ಕಾಯ್ದೆಯಲ್ಲೇ ಇದೆ. ಇದನ್ನು ತಿಳಿಸಿದರೆ ಅರ್ಧ ಭಯ ಇಳಿಯುತ್ತದೆ.

ಪಿಯು ಕಾಲೇಜಿನವರಿಗೆ ಒಂದು ಮಾತು. 18 ತುಂಬದವರ ಒಪ್ಪಿಗೆಗೆ ಈ ಕಾಯ್ದೆಯಲ್ಲಿ ಬೆಲೆಯಿಲ್ಲ. 17ರ ಹುಡುಗ ಹುಡುಗಿಯ ಪ್ರೇಮವೂ ಇದರೊಳಗೆ ಬಂದುಬಿಡಬಹುದು. ಮಕ್ಕಳಿಗೆ ಈ ಕಾನೂನನ್ನು ವರ್ಷದ ಆರಂಭದಲ್ಲೇ ತರಗತಿಯಲ್ಲಿ ಸ್ಪಷ್ಟವಾಗಿ ಹೇಳಿರಬೇಕು. ಬಾಲ್ಯವಿವಾಹದ ಸುಳಿವಿಗೂ ಕಣ್ಣು ತೆರೆದಿರಲಿ: ಒಂಬತ್ತನೇ ತರಗತಿಯ ಹುಡುಗಿ ಹಬ್ಬದ ರಜೆ ಮುಗಿದರೂ ಬಾರದಿದ್ದರೆ, ಗೆಳತಿಯರು "ಅವಳಿಗೆ ಮದುವೆ ಗೊತ್ತಾಗಿದೆ" ಎಂದು ಪಿಸುಗುಟ್ಟಿದರೆ ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಆದರೆ ಮದುವೆಗೆ ಮುಂಚೆ ತಡೆಯುವುದಕ್ಕೂ ಆದ ಮೇಲೆ ಬಿಡಿಸುವುದಕ್ಕೂ ಅಜಗಜಾಂತರ.

ಓದಲು ಬಾರದ ಎಂಟನೇ ತರಗತಿ

ನಡತೆಯ ದೂರಿನ ಮೇಲೆ ಬರುವ ಹುಡುಗರಲ್ಲಿ ಅನೇಕರಿಗೆ ಓದಲು ಬರುವುದಿಲ್ಲ. ತರಗತಿಯಲ್ಲಿ ಗಲಾಟೆ ಮಾಡಿ ಹೊರಗೆ ನಿಲ್ಲಿಸಿಕೊಂಡರೆ ಎದ್ದು ಓದುವ ಅವಮಾನ ತಪ್ಪುತ್ತದೆ ಎಂದು ಆ ಮಗು ಕಂಡುಕೊಂಡಿರುತ್ತದೆ. ಕಣ್ಣು, ಕಿವಿ ಪರೀಕ್ಷೆಯಾಗಲಿ. ಹಿಂದಿನ ವರ್ಷಗಳ ಹಾಜರಿ ನೋಡಿ, ಕಬ್ಬು ಕಡಿಯುವ ಕೆಲಸಕ್ಕೆ ಗುಳೆ ಹೋಗುವ ಮನೆಯ ಮಗುವಿಗೆ ಪಾಠವೇ ಸಿಕ್ಕಿರುವುದಿಲ್ಲ. ಮನೆಮಾತು ಲಂಬಾಣಿಯೋ ಉರ್ದುವೋ ತುಳುವೋ ಕೇಳಿ. ಆಮೇಲೆ ಎರಡು ತರಗತಿ ಕೆಳಗಿನ ಕನ್ನಡ ಪಠ್ಯದ ಒಂದು ಪುಟ ಓದಿಸಿ, 20 ಪದ ಉಕ್ತಲೇಖನ ಕೊಡಿ.

ಅಲ್ಪಪ್ರಾಣ ಮಹಾಪ್ರಾಣದ ತಪ್ಪು, ಹಕಾರ ಅಕಾರದ ತಪ್ಪು ನೋಡಿ ಗಾಬರಿಯಾಗಬೇಡಿ. ಅದು ಆಡುಮಾತಿನ ಪ್ರಭಾವ, ದೊಡ್ಡವರಲ್ಲೂ ಇದೆ. ನೋಡಬೇಕಾದ್ದು ಬೇರೆ. "ಪುಸ್ತಕ"ವನ್ನು "ಪುಸಕ" ಎಂದು, "ಅಮ್ಮ"ನನ್ನು "ಅಮ" ಎಂದು ಒತ್ತಕ್ಷರ ಬಿಟ್ಟು ಬರೆಯುವುದು, ದೀರ್ಘ ಬಿಡುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆಯುವುದು, ಬಾಯಲ್ಲಿ ಪಾಠದ ಉತ್ತರ ಸರಿಯಾಗಿ ಹೇಳಿಯೂ ಬರೆಯಲಾಗದಿರುವುದು. ಇವೆಲ್ಲ ಒಟ್ಟಿಗೆ ಕಂಡರೆ, ಸರಿಯಾದ ಪಾಠ ಸಿಕ್ಕ ಮೇಲೂ ಮುಂದುವರಿದರೆ ನಿರ್ದಿಷ್ಟ ಕಲಿಕಾ ನ್ಯೂನತೆಯ ಪರೀಕ್ಷೆಗೆ ಕಳಿಸಿ. ಅದನ್ನು ಮಾಡಬೇಕಾದವರು ಕ್ಲಿನಿಕಲ್ ಸೈಕಾಲಜಿಸ್ಟ್. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲೆಯನ್ನು ಇದಕ್ಕೆ ವ್ಯಾಪಕವಾಗಿ ಬಳಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇದೂ ಒಂದು. ಪ್ರಮಾಣಪತ್ರ ಇದ್ದರೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರಂಥ ಸೌಲಭ್ಯ ಸಿಗುತ್ತದೆ. ಈ ಓಡಾಟಕ್ಕೆ ತಿಂಗಳುಗಳು ಹಿಡಿಯುತ್ತವೆ. ಎಸ್‌ಎಸ್‌ಎಲ್‌ಸಿ ಮಗುವಿಗೆ ಜನವರಿಯಲ್ಲಿ ನೆನಪಾದರೆ ಆಗುವುದಿಲ್ಲ, ಎಂಟನೇ ತರಗತಿಯಲ್ಲೇ ಶುರು ಮಾಡಬೇಕು. ಪ್ರತಿ ಬ್ಲಾಕ್‌ನಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿ ಇರುತ್ತಾರೆ. ದಾರಿ ಅವರಿಗೆ ಗೊತ್ತು.

ದಾಖಲೆ ಬಗ್ಗೆ ಚಿಕ್ಕದಾಗಿ. ಕೌನ್ಸೆಲಿಂಗ್ ಟಿಪ್ಪಣಿ ಅಡ್ಮಿಷನ್ ಫೈಲಿನಲ್ಲಿ ಇರಕೂಡದು, ಬೇರೆ ಬೀರುವಿನಲ್ಲಿ, ಹೆಸರಿನ ಬದಲು ಸಂಖ್ಯೆಯಲ್ಲಿ ಇರಬೇಕು. ದಿನಾಂಕ, ಮಗು ಹೇಳಿದ್ದು, ಕೌನ್ಸೆಲರ್ ಕಂಡಿದ್ದು, ತೀರ್ಮಾನ, ಮುಂದಿನ ಭೇಟಿ ಇಷ್ಟಿದ್ದರೆ ಸಾಕು. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಗುವಿನ ಹೆಸರು ಯಾವ ಕಾರಣಕ್ಕೂ ಬರಬಾರದು.

ಫಲಿತಾಂಶದ ದಿನ ಶಾಲೆಗೆ ಬೀಗ

ಇದು ನನಗೆ ಅತ್ಯಂತ ಸಂಕಟದ ವಿಷಯ. ಕೌನ್ಸೆಲರ್‌ಗಳನ್ನು ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳ ಗುತ್ತಿಗೆಯ ಮೇಲೆ ತೆಗೆದುಕೊಳ್ಳುವ ಸಂಸ್ಥೆಗಳಿವೆ. 2025ರಲ್ಲಿ ದ್ವಿತೀಯ ಪಿಯು ಫಲಿತಾಂಶ ಬಂದದ್ದು ಏಪ್ರಿಲ್ 8ಕ್ಕೆ, ಎಸ್‌ಎಸ್‌ಎಲ್‌ಸಿ ಮೇ 2ಕ್ಕೆ. ಮಕ್ಕಳಿಗೆ ಅತಿ ಹೆಚ್ಚು ಆಸರೆ ಬೇಕಾದ ಎರಡು ದಿನ ಶಾಲೆ ಮುಚ್ಚಿರುತ್ತದೆ, ಕೌನ್ಸೆಲರ್ ಗುತ್ತಿಗೆ ಮುಗಿದಿರುತ್ತದೆ, ಮಗು ಮೊಬೈಲ್ ಹಿಡಿದು ಮನೆಯಲ್ಲಿ ಒಂಟಿಯಾಗಿರುತ್ತದೆ.

ಗುತ್ತಿಗೆಯನ್ನು ಮೇ ಕೊನೆಯವರೆಗೆ ಮಾಡಿ. ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಕೂಡಲೇ ಒಂದು ಪಟ್ಟಿ ತಯಾರಾಗಲಿ. ಅದರಲ್ಲಿ ಫೇಲಾಗುವ ಸಾಧ್ಯತೆ ಇರುವವರು ಮಾತ್ರ ಇದ್ದರೆ ಸಾಲದು. ಶೇ 98 ನಿರೀಕ್ಷಿಸಿ 91 ಪಡೆಯಬಹುದಾದವರು, ಮನೆಯಲ್ಲಿ ಅಣ್ಣನ ಅಂಕಗಳ ಜೊತೆ ಹೋಲಿಸಿಕೊಳ್ಳುವವರು, ಆ ವರ್ಷ ಮನೆಯಲ್ಲಿ ಸಾವು ಕಂಡವರು, ಹಿಂದೆ ಕೈ ಕೊಯ್ದುಕೊಂಡವರು ಕೂಡ ಇರಬೇಕು. ಕರೆ ಮಾಡಬೇಕಾದ್ದು ಫಲಿತಾಂಶದ ಹಿಂದಿನ ಸಂಜೆ, ಮಗುವಿಗೂ ಅಮ್ಮ ಅಪ್ಪನಿಗೂ. "ನಾಳೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಫಲಿತಾಂಶವನ್ನು ಒಟ್ಟಿಗೆ ನೋಡಿ, ಸಂಬಂಧಿಕರ ಫೋನನ್ನು ನೀವೇ ಎತ್ತಿ" ಎಂದು ಪೋಷಕರಿಗೆ ಹೇಳಬೇಕು. ಮಗುವಿಗೆ ಧೈರ್ಯದ ಮಾತಿಗಿಂತ ಮಾಹಿತಿ ಹೆಚ್ಚು ಉಪಕಾರಿ. 2024ರಿಂದ ನಮ್ಮಲ್ಲಿ ಪರೀಕ್ಷೆ 1, ಪರೀಕ್ಷೆ 2 ಎಂದು ಒಂದಕ್ಕಿಂತ ಹೆಚ್ಚು ಅವಕಾಶ ಇವೆ, ಒಳ್ಳೆಯ ಅಂಕ ಉಳಿಯುತ್ತದೆ. ಪರೀಕ್ಷೆ 2ಕ್ಕೆ ಹೆಸರು ನೋಂದಾಯಿಸಲು ಎಲ್ಲಿಗೆ, ಯಾವತ್ತು ಬರಬೇಕು ಎಂದು ಹೇಳಿದರೆ ಅವಳಿಗೆ ನಾಳೆ ಎಂಬುದೊಂದು ಕಾಣುತ್ತದೆ. ಐಟಿಐ, ಡಿಪ್ಲೊಮಾ, ಪಿಯು ವಿಭಾಗಗಳ ಮಾತುಕತೆಯೆಲ್ಲ ಒಂದು ವಾರ ಕಳೆದ ಮೇಲೆ.

ಸಭೆಯಿಂದ ಬಂದ ಒಂದು ಪ್ರಶ್ನೆ

"ನಮ್ಮದು 64 ಮಕ್ಕಳ ಸರ್ಕಾರಿ ಪ್ರೌಢಶಾಲೆ. ಕೌನ್ಸೆಲರ್ ಬರುವುದಿಲ್ಲ. ನಾವೇನು ಮಾಡಬೇಕು?" ಎಂದು ಒಬ್ಬ ಶಿಕ್ಷಕರು ಕೇಳಿದರು.

ಇಬ್ಬರು ಶಿಕ್ಷಕರನ್ನು ಗೊತ್ತುಮಾಡಿ, ಒಬ್ಬರು ಮಹಿಳೆ ಇರಲಿ. ಮಕ್ಕಳು ತಾವಾಗಿ ಯಾರ ಹತ್ತಿರ ಹೋಗುತ್ತಾರೆ ಎಂದು ನೋಡಿ ಆರಿಸಿ, ಹಿರಿತನ ನೋಡಬೇಡಿ. ಅವರು ಚಿಕಿತ್ಸೆ ಕೊಡಬೇಕಿಲ್ಲ. ಕೇಳಿಸಿಕೊಂಡು, ಅಪಾಯ ಇದೆಯೇ ಎಂದು ವಿಚಾರಿಸಿ, ಸರಿಯಾದ ಕಡೆ ಕಳಿಸಿದರೆ ಸಾಕು. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ತಿಂಗಳ ಯಾವ ಮಂಗಳವಾರ ಎಂದು ವಿಚಾರಿಸಿ ಬರೆದಿಡಿ. ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಶಿಕ್ಷಕರು ತಮ್ಮ ಸಂದೇಹ ಕೇಳಲೂ ಅದಕ್ಕೆ ಕರೆ ಮಾಡಬಹುದು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.

ಈ ಸಂಖ್ಯೆಗಳನ್ನು ಎಚ್‌ಎಂ ಕೋಣೆಯ ಗೋಡೆಗೆ ಅಂಟಿಸಿದರೆ ಮಕ್ಕಳಿಗೆ ಉಪಯೋಗವಿಲ್ಲ, ಅಲ್ಲಿ ನಿಂತು ಯಾರೂ ಬರೆದುಕೊಳ್ಳುವುದಿಲ್ಲ. ಶೌಚಾಲಯದ ಬಾಗಿಲಿನ ಒಳಭಾಗದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ. ಪ್ರತಿ ಜೂನ್‌ನಲ್ಲಿ ಪಟ್ಟಿಯಲ್ಲಿರುವ ಎಲ್ಲ ಸಂಖ್ಯೆಗೂ, ಆಸ್ಪತ್ರೆಯವರದ್ದೂ ಬಿಐಇಆರ್‌ಟಿಯವರದ್ದೂ ಸೇರಿ, ಒಮ್ಮೆ ಕರೆ ಮಾಡಿ ಖಚಿತ ಮಾಡಿಕೊಳ್ಳಿ. ಅಧಿಕಾರಿಗಳ ವರ್ಗಾವಣೆಯಾದಾಗ ಮೊದಲು ಹಳತಾಗುವುದು ಇಂಥ ಪಟ್ಟಿಗಳೇ.